ಪುಟ ತಿರುಗಿಸುವ ಮುನ್ನ

ಪುಟದ ತುಂಬ ಬಾಲಗಳು. ಬಾಲದ ಒಡೆಯರು ಮಾತ್ರ ನಾಪತ್ತೆ. ಇಂಥ ಬಾಲವಿದ್ದರೆ ಏನು ಮಾಡುತ್ತೀರಿ ಎಂಬುದೇ ಪುಸ್ತಕದ ಹೆಸರು. ಪುಟ ತಿರುಗಿಸಿದರೆ ಜಿರಾಫೆ ಬಾಲ ಬೀಸಿ ನೊಣ ಓಡಿಸುತ್ತಿರುತ್ತದೆ, ಚೇಳು ಕುಟುಕಲು ಸಜ್ಜಾಗಿರುತ್ತದೆ, ಹಲ್ಲಿಯ ಜಾತಿಯದೊಂದು ಬಾಲ ಕಳಚಿ ಪಾರಾಗುತ್ತಿರುತ್ತದೆ. ಅಮೆರಿಕದ ಸ್ಟೀವ್ ಜೆಂಕಿನ್ಸ್, ಪತ್ನಿ ರಾಬಿನ್ ಪೇಜ್ ಜೊತೆ 2003ರಲ್ಲಿ ತಂದ ಪುಸ್ತಕವಿದು. ಬಣ್ಣದ ಕಾಗದ ಕತ್ತರಿಸಿ, ಹರಿದು, ಅಂಟಿಸಿದ ಚಿತ್ರಗಳು. ಮರುವರ್ಷ ಇದಕ್ಕೆ ಮಕ್ಕಳ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಗೌರವ ಸಂದಿತು.

ಪುಸ್ತಕ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಓದಿಸುವವರದು. ಚಿತ್ರ ಕಂಡೊಡನೆ ‘ಇದು ಜಿರಾಫೆ’ ಎಂದುಬಿಟ್ಟರೆ ಪಾಠ ಅಲ್ಲಿಗೇ ಮುಗಿಯಿತು. ನುರಿತ ಟೀಚರ್ ಪುಟವನ್ನು ಬೆರಳಲ್ಲಿ ಹಿಡಿದೇ ಕೇಳುತ್ತಾರೆ: ‘ಇದು ಯಾರ ಬಾಲ ಇದ್ದೀತು?’ ಉತ್ತರ ಬಂದ ಮೇಲೆ ಇನ್ನೊಂದು: ‘ಹಾಗಂತ ಯಾಕೆ ಅನ್ನಿಸ್ತು?’ ವಿಜ್ಞಾನ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ. ‘ತುದೀಲಿ ಕೂದಲಿದೆ ಮಿಸ್, ನಮ್ಮ ಹಸೂದರ ಥರ. ನೊಣ ಓಡ್ಸಕ್ಕಿರಬೇಕು’ ಎಂದ ಮಗು ನೋಡಿದೆ, ಹೋಲಿಸಿದೆ, ಕಾರಣ ಕೊಟ್ಟು ಊಹಿಸಿದೆ. ಇನ್ನು ಪುಟ ತಿರುಗಿಸಬಹುದು. ಅದೇ ಪುಸ್ತಕದ ಕಿವಿಗಳ ಪುಟದಲ್ಲಿ ತರಗತಿಯೇ ಬೆರಗಾಗುತ್ತದೆ: ಇರುಳಿಡೀ ಜೀರ್ ಎನ್ನುವ ಜೀರುಂಡೆಗೆ ಕಿವಿ ಮುಂಗಾಲಿನಲ್ಲಿ, ಮೊಣಕಾಲಿನ ಹತ್ತಿರ! ಕಿವಿ ತಲೆಯಲ್ಲೇ ಇರಬೇಕೆಂಬ ಕಟ್ಟು ಅಲ್ಲಿ ಸಡಿಲಗೊಳ್ಳುತ್ತದೆ.

ಜೆಂಕಿನ್ಸ್ ಅವರ 2004ರ ಇನ್ನೊಂದು ಪುಸ್ತಕದಲ್ಲಿ ಪ್ರಾಣಿಗಳು, ಇಲ್ಲವೇ ಅವುಗಳ ಒಂದೊಂದು ಅಂಗ, ಇದ್ದಷ್ಟೇ ಗಾತ್ರದಲ್ಲಿವೆ. ಗೊರಿಲ್ಲಾದ ಅಂಗೈ ಮೇಲೆ ಮಗು ತನ್ನ ಅಂಗೈ ಇಟ್ಟು ನೋಡುತ್ತದೆ. ದೈತ್ಯ ಸ್ಕ್ವಿಡ್ಡಿನ ಕಣ್ಣಿಗೆ ಸ್ಕೇಲು ಹಿಡಿದರೆ ಸುಮಾರು 30 ಸೆಂ.ಮೀ.; ಅದೇ ಪುಸ್ತಕದ ಪುಟಾಣಿ ಮೀನು ಒಂದು ಸೆಂ.ಮೀ. ಕೂಡ ಇಲ್ಲ. ‘ದೊಡ್ಡದು’ ಎಂಬ ಮಾತು ಅಳತೆಯಾಗಿ ಬದಲಾಗುವುದು ಹೀಗೆ.

ಪುಸ್ತಕ ಎಡವಿದ ಕಡೆಯೂ ಪಾಠವುಂಟು. ಎರಿಕ್ ಕಾರ್ಲ್ 1969ರಲ್ಲಿ ಬರೆದ ಹಸಿದ ಕಂಬಳಿಹುಳುವಿನ ಕಥೆ ಜಗತ್ಪ್ರಸಿದ್ಧ. ಹುಳು ತಿಂದು ಕೊರೆದ ತೂತುಗಳಲ್ಲಿ ಮಕ್ಕಳು ಬೆರಳು ತೂರಿಸುತ್ತಾರೆ. ಆದರೆ ಅಲ್ಲಿನ ಹುಳು ಗೂಡು ಕಟ್ಟಿಕೊಂಡು ಚಿಟ್ಟೆಯಾಗುತ್ತದೆ. ನೂಲು ಸುತ್ತಿ ಗೂಡು ಕಟ್ಟುವುದು ಸಾಮಾನ್ಯವಾಗಿ ಪತಂಗಗಳ ಮರಿಗಳು. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡೂ ಪತಂಗದ್ದೇ. ಕರಿಬೇವಿನ ಗಿಡದ ಎಲೆ ಮೇಯುವ ಚಿಟ್ಟೆಮರಿಯನ್ನು ತೋರಿಸಿ. ಅದು ಗೂಡು ಸುತ್ತಿಕೊಳ್ಳದೆ, ಸೊಂಟಕ್ಕೊಂದು ಎಳೆ ಬಿಗಿದುಕೊಂಡು, ಬರಿಮೈಯ ಕೋಶವಾಗಿ ಕಡ್ಡಿಗೆ ಆತು ನಿಲ್ಲುತ್ತದೆ. ಅಚ್ಚಾದದ್ದನ್ನೂ ಗಿಡದ ಹತ್ತಿರ ಹೋಗಿ ಪರೀಕ್ಷಿಸಬಹುದೆಂದು ಮಕ್ಕಳಿಗೆ ತಿಳಿಯುವುದು ಸಣ್ಣ ಲಾಭವಲ್ಲ.

ಇದಕ್ಕೆಲ್ಲ ವಿದೇಶಿ ಪುಸ್ತಕಗಳೇ ಬೇಕೆಂದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ರಟ್ಟಿನಲ್ಲಿ ಒಂದು ಕಿಂಡಿ ಕೊರೆದು ಚಿತ್ರದ ಮೇಲಿಟ್ಟರೆ ಯಾವ ಪುಸ್ತಕವೂ ಒಗಟಾಗುತ್ತದೆ. ಆಮೇಲೆ ಹಳೆಯ ಪತ್ರಿಕೆ, ಗೋಂದು ಕೊಟ್ಟು ಮಕ್ಕಳಿಂದಲೇ ಪುಟ ಮಾಡಿಸಿ: ಮೇಕೆಯ ಕಿವಿ, ಕೋಳಿಯ ಕಾಲು, ಬಾತಿನ ಕೊಕ್ಕು. ಯಾವ ಅಂಗ ತೋರಿಸಿದರೆ ಗೆಳೆಯರಿಗೆ ಸುಳಿವು ಸಿಕ್ಕೀತು, ಆದರೂ ಉತ್ತರ ಸುಲಭವಾಗಿ ಬಿಟ್ಟುಕೊಡದು ಎಂದು ತೀರ್ಮಾನಿಸಲು ಮಗು ಆ ಕೋಳಿಯನ್ನು ಹಿಂದೆಂದಿಗಿಂತ ಸೂಕ್ಷ್ಮವಾಗಿ ನೋಡಲೇಬೇಕು.