ಗೋಡೆಯ ಬೆನ್ನು ಮುರಿಯುವ ಅಲೆ

2014ರ ಫೆಬ್ರವರಿ 4ರ ರಾತ್ರಿ ಇಂಗ್ಲೆಂಡಿನ ನೈಋತ್ಯ ಮೂಲೆಯ ಡಾಲಿಷ್ ಎಂಬ ಪುಟ್ಟ ಊರಿನಲ್ಲಿ ಸಮುದ್ರದ ತಡೆಗೋಡೆ ಸುಮಾರು 80 ಮೀಟರ್ ಉದ್ದಕ್ಕೆ ಕಿತ್ತುಹೋಯಿತು. ಗೋಡೆಯ ಬೆನ್ನಿಗೇ, ಅದರ ಹಿಂದಿನ ತುಂಬು ಮಣ್ಣಿನ ಮೇಲೆ, ರೈಲು ಮಾರ್ಗ. ಬೆಳಗಾದಾಗ ನೋಡಿದರೆ ಹಳಿಗಳು ಸ್ಲೀಪರುಗಳ ಸಮೇತ ಗಾಳಿಯಲ್ಲಿ ಜೋತುಬಿದ್ದಿದ್ದವು. ಹಳಿ ತುಂಡಾಗಿರಲಿಲ್ಲ, ಅದರ ಕೆಳಗಿನ ನೆಲವೇ ಇರಲಿಲ್ಲ. ಹಿಂದಿನ ಮನೆಗಳ ಅಂಗಳಗಳೂ ಕುಸಿದಿದ್ದವು. ಪ್ಲಿಮತ್ ನಗರಕ್ಕೂ ಇಡೀ ಕಾರ್ನ್‌ವಾಲ್ ಪ್ರಾಂತ್ಯಕ್ಕೂ ಉಳಿದಿದ್ದ ಏಕೈಕ ರೈಲು ಕೊಂಡಿ ಎರಡು ತಿಂಗಳು ಕಡಿದುಹೋಯಿತು.

ದೈತ್ಯ ಅಲೆಯೊಂದು ಎದುರಿನಿಂದ ಗುದ್ದಿ ಗೋಡೆಯನ್ನು ಉರುಳಿಸಿತು ಎಂದು ಆ ದೃಶ್ಯ ನೋಡಿದ ಯಾರಿಗಾದರೂ ಅನ್ನಿಸುತ್ತದೆ. ಸಾಮಾನ್ಯವಾಗಿ ನಡೆಯುವುದು ಅಷ್ಟು ನೇರವಾಗಿಲ್ಲ. ಗೋಡೆಯ ಎದೆಗೆ ಬೀಳುವ ಪೆಟ್ಟಿಗಿಂತ ಅದರ ತಲೆ ದಾಟಿ ಬೆನ್ನಿಗೆ ಇಳಿಯುವ ನೀರು, ಬುಡದಿಂದ ಜಾರಿಹೋಗುವ ಮರಳು ಹೆಚ್ಚು ಅಪಾಯಕಾರಿ.

ಈ ಮಾರ್ಗವನ್ನು ರೂಪಿಸಿದವರು 19ನೇ ಶತಮಾನದ ಹೆಸರಾಂತ ಎಂಜಿನಿಯರ್ ಇಸಾಂಬಾರ್ಡ್ ಕಿಂಗ್‌ಡಮ್ ಬ್ರುನೆಲ್. ಒಳನಾಡಿನಲ್ಲಿ ಗುಡ್ಡಗಳ ಅಡ್ಡಿಯಿತ್ತು, ಕಡಲಂಚು ಮಾತ್ರ ಸಪಾಟಾಗಿತ್ತು. ಎಕ್ಸೆಟರ್‌ನಿಂದ ಟಿನ್ಮತ್‌ವರೆಗಿನ ಮಾರ್ಗ 1846ರಲ್ಲಿ ತೆರೆಯಿತು. ಒಂದು ಬದಿಗೆ ಕೆಂಪು ಮರಳುಗಲ್ಲಿನ ಕಡಿದಾದ ದಂಡೆ, ಇನ್ನೊಂದು ಬದಿಗೆ ಇಂಗ್ಲಿಷ್ ಕಾಲುವೆ. ಡಾಲಿಷ್‌ನಿಂದ ಟಿನ್ಮತ್‌ಗೆ ಹೋಗುವಷ್ಟರಲ್ಲಿ ರೈಲು ಐದು ಸುರಂಗಗಳನ್ನು ಹಾಯುತ್ತದೆ. ಮಾರ್ಗ ತೆರೆದು ಹತ್ತು ವರ್ಷ ತುಂಬುವ ಮೊದಲೇ, 1855ರಲ್ಲಿ, ಕಡಲು ಟಿನ್ಮತ್ ಬಳಿ ಗೋಡೆಯನ್ನು ಒಡೆದಿತ್ತು. ಈ ಉಪದ್ರವ ತಪ್ಪಿಸಲು 1930ರ ದಶಕದಲ್ಲಿ ಒಳನಾಡಿನಲ್ಲಿ ಬದಲಿ ಮಾರ್ಗವೊಂದನ್ನು ಯೋಜಿಸಲಾಯಿತು. 1939ರಲ್ಲಿ ಯುದ್ಧ ಶುರುವಾಗಿ ಅದು ಅಲ್ಲಿಗೇ ನಿಂತಿತು. ಡಾರ್ಟ್‌ಮೂರ್ ಬೆಟ್ಟಸೀಮೆಯನ್ನು ಬಳಸಿಕೊಂಡು ಪ್ಲಿಮತ್ ತಲುಪುತ್ತಿದ್ದ ಇನ್ನೊಂದು ಮಾರ್ಗವನ್ನೂ 1968ರಲ್ಲಿ ನಡುವೆ ಮುಚ್ಚಲಾಯಿತು. ಉಳಿದದ್ದು ಕಡಲಂಚಿನ ಈ ಗೋಡೆಯೊಂದೇ.

ಅಲೆಯ ಬಲಕ್ಕೆ ಒಂದು ಲೆಕ್ಕವಿದೆ. ಅಲೆಯಲ್ಲಿರುವ ಶಕ್ತಿ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಬಿರುಗಾಳಿಯ ಹೊತ್ತಿನಲ್ಲಿ 4 ಮೀಟರ್ ಎತ್ತರದ, 10 ಸೆಕೆಂಡಿಗೊಂದರಂತೆ ಬರುವ ಅಲೆಗಳು ಆಳ ನೀರಿನಲ್ಲಿ ಪ್ರತಿ ಒಂದು ಮೀಟರ್ ಅಗಲಕ್ಕೆ ಸುಮಾರು 80 ಕಿಲೋವ್ಯಾಟ್ ಶಕ್ತಿಯನ್ನು ಹೊತ್ತು ತರುತ್ತವೆ. ಅಂದರೆ ಮೀಟರ್‌ಗೆ ನೂರಕ್ಕೂ ಹೆಚ್ಚು ಅಶ್ವಶಕ್ತಿ, ಅದೂ ಗಂಟೆಗಟ್ಟಲೆ ಬಿಡುವಿಲ್ಲದೆ.

ಇದರ ಪೆಟ್ಟನ್ನು ಮೊದಲು ಅಳೆಯಹೊರಟವರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್ಸನ್ ಪ್ರಮುಖರು. ದೀಪಸ್ತಂಭಗಳನ್ನು ಕಟ್ಟುವ ಎಂಜಿನಿಯರುಗಳ ಮನೆತನದವರು, ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್‌ರ ತಂದೆ. ಸ್ಪ್ರಿಂಗ್ ಅಳವಡಿಸಿದ ಒಂದು ಮಾಪಕವನ್ನು ಅವರು ಕಡಲಿನ ಬಂಡೆಗಳಿಗೆ ಬಿಗಿದರು. 1845ರ ಮಾರ್ಚ್‌ನಲ್ಲಿ ಸ್ಕೆರಿವೋರ್ ಬಂಡೆಯ ಮೇಲೆ ಅದು ದಾಖಲಿಸಿದ ಒತ್ತಡ ಚದರ ಅಡಿಗೆ 6,083 ಪೌಂಡ್. ಇಂದಿನ ಲೆಕ್ಕದಲ್ಲಿ ಚದರ ಮೀಟರ್‌ಗೆ ಸುಮಾರು 30 ಟನ್ ಭಾರ. ಮುರಿದು ಬೀಳುವ ಅಲೆ ಗೋಡೆಗೂ ತನಗೂ ನಡುವೆ ಗಾಳಿಯನ್ನು ಸಿಕ್ಕಿಸಿಕೊಂಡರೆ ಆ ಗಾಳಿ ಒಮ್ಮೆಲೇ ಅದುಮಿಹೋಗುತ್ತದೆ. ಕ್ಷಣಮಾತ್ರ ಇರುವ ಆ ಒತ್ತಡ ಕಲ್ಲಿನ ಸಂದುಗಳೊಳಗೆ ನೀರನ್ನು ನುಗ್ಗಿಸುತ್ತದೆ, ಗಾರೆಯನ್ನು ಸಡಿಲಿಸುತ್ತದೆ. ಆದರೂ ದಪ್ಪನೆಯ ಕಲ್ಲಿನ ಗೋಡೆಗೆ ಇಂಥ ಪೆಟ್ಟುಗಳನ್ನು ತಾಳುವ ತಾಕತ್ತಿರುತ್ತದೆ, ಹಿಂದೆ ಒತ್ತಾಗಿ ಮಣ್ಣು ಇರುವತನಕ.

ಹಿಂಬದಿಯ ಕಥೆ ಶುರುವಾಗುವುದು ಇಲ್ಲಿಂದಲೇ. ಗೋಡೆ ದಾಟಿ ಬಂದ ನೀರು ಹಳಿಯ ಜಲ್ಲಿಯ ಮೇಲೆ ಸುರಿಯುತ್ತದೆ. ಜಲ್ಲಿ ಹಾಕುವುದೇ ನೀರು ಇಳಿದುಹೋಗಲಿ ಎಂದು. ಹಾಗಾಗಿ ನೀರು ಸೀದಾ ಕೆಳಗಿನ ತುಂಬು ಮಣ್ಣಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಮನೆಗಳ ಪಾಗಾರ ಬೀಳುವುದೂ ಹೀಗೆಯೇ. ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿ ಕಲ್ಲನ್ನು ಹೊರಕ್ಕೆ ತಳ್ಳುತ್ತದೆ. ಕಡಲಂಚಿನಲ್ಲಿ ಇದರ ಜೊತೆಗೆ ಇನ್ನೊಂದಿದೆ. ಅಲೆ ಹಿಂದೆ ಸರಿದಾಗ ಎದುರಿನ ಒತ್ತಡ ತಟ್ಟನೆ ಇಳಿಯುತ್ತದೆ. ಒಳಗಿನ ನೀರು ಸಂದುಗಳಿಂದ ಹೊರಕ್ಕೆ ಹರಿಯುವಾಗ ನುಣ್ಣನೆಯ ಮಣ್ಣನ್ನೂ ಹೊತ್ತೊಯ್ಯುತ್ತದೆ. ಪ್ರತಿ ಅಲೆಗೂ ಸ್ವಲ್ಪ ಸ್ವಲ್ಪ. ಗೋಡೆಯ ಬೆನ್ನಿಗೆ ಪೊಳ್ಳು ಬೀಳುತ್ತದೆ, ಹೊರಗೆ ನಿಂತವರಿಗೆ ಅದು ಕಾಣುವುದಿಲ್ಲ. ಒಂದು ಕಡೆ ಕಲ್ಲು ಜಾರಿದರೆ ಸಾಕು, ಮುಂದಿನ ಅಲೆಗಳು ಪೊಳ್ಳಿನೊಳಗೇ ನುಗ್ಗಿ ಒಳಗಿನದನ್ನೆಲ್ಲ ಬಳಿದು ತರುತ್ತವೆ. ಹಳಿಯೊಂದೇ ನೇತಾಡುತ್ತ ಉಳಿಯುವುದು ಆಗ.

ಎಷ್ಟು ನೀರು ಗೋಡೆ ದಾಟುತ್ತದೆ ಎಂಬುದನ್ನು ತೀರ್ಮಾನಿಸುವುದು ಬುಡದಲ್ಲಿರುವ ನೀರಿನ ಆಳ. ತೀರದ ಹತ್ತಿರ ಅಲೆ ಮನಬಂದಷ್ಟು ಎತ್ತರ ಉಳಿಯಲಾರದು. ನೀರಿನ ಆಳದ ಸುಮಾರು ಮುಕ್ಕಾಲು ಪಾಲಿಗಿಂತ ಎತ್ತರವಾದರೆ ಮುರಿದು ಬೀಳುತ್ತದೆ. ಆದ್ದರಿಂದ ಆಳ ಹೆಚ್ಚಿದಷ್ಟೂ ದೊಡ್ಡ ಅಲೆ ಮುರಿಯದೆ ಗೋಡೆಯವರೆಗೆ ಬರುತ್ತದೆ. ಬಿರುಗಾಳಿಯ ರಾತ್ರಿ ಈ ಆಳಕ್ಕೆ ಮೂರು ಕಡೆಯಿಂದ ಕೂಡಿಕೆ ಬೀಳುತ್ತದೆ. ಒಂದು, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನ ದೊಡ್ಡ ಉಬ್ಬರ. ಎರಡು, ವಾಯುಭಾರ ಕುಸಿತ: ಒತ್ತಡ ಒಂದು ಮಿಲಿಬಾರ್ ಇಳಿದರೆ ಕಡಲಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಮೂರು, ಗಾಳಿ ದಡದತ್ತ ನೂಕಿ ಪೇರಿಸುವ ನೀರು. ಮೂರೂ ಒಟ್ಟಿಗೆ ಕೂಡಿಬಂದರೆ ಎಂದೂ ತಲುಪದ ಎತ್ತರಕ್ಕೆ ಅಲೆ ತಲುಪುತ್ತದೆ. ನೀರಿಗೂ ಗೋಡೆಯ ತಲೆಗೂ ನಡುವಿನ ಅಂತರ ತುಸು ಕಡಿಮೆಯಾದರೂ ದಾಟುವ ನೀರು ತುಸುವಲ್ಲ, ಪಟ್ಟು ಪಟ್ಟಾಗಿ ಹೆಚ್ಚುತ್ತದೆ.

ಆಳ ಹೆಚ್ಚಲು ಕಡಲೇ ಏರಬೇಕೆಂದಿಲ್ಲ, ಮರಳು ಇಳಿದರೂ ಸಾಕು. ನೆಟ್ಟಗೆ ನಿಂತ ಗೋಡೆ ಅಲೆಯನ್ನು ನುಂಗುವುದಿಲ್ಲ, ತಿರುಗಿಸಿ ಕಳುಹಿಸುತ್ತದೆ. ಹೋಗುವ ಅಲೆ, ಬರುವ ಅಲೆ ಸೇರಿದ ಕಡೆ ನೀರಿನ ಏರಿಳಿತ ಇಮ್ಮಡಿಯಾಗಬಹುದು. ಆ ತಳಮಳ ಬುಡದ ಮರಳನ್ನು ಕೆದಕಿ ಒಯ್ಯುತ್ತದೆ. ಇನ್ನೂ ಒಂದು ಸಂಗತಿಯಿದೆ. ಗೋಡೆ ಬರುವ ಮುನ್ನ ಆ ಕೆಂಪು ದಂಡೆ ಕಡಲಿಗೆ ಚೂರುಚೂರಾಗಿ ಕರಗುತ್ತ ತೀರಕ್ಕೆ ಮರಳು ಒದಗಿಸುತ್ತಿತ್ತು. ರೈಲಿನ ಗೋಡೆ ಆ ಪೂರೈಕೆಗೆ ಅಡ್ಡ ನಿಂತಿತು. ಪಕ್ಕದ ಡಾಲಿಷ್ ವಾರನ್ ಎಂಬ ಮರಳದಿಣ್ಣೆ ಸೊರಗಿದ್ದಕ್ಕೆ ಇದೂ ಒಂದು ಕಾರಣ. ಹಳಿಯನ್ನು ಕಾಯಲು ಕಟ್ಟಿದ್ದು ಹಳಿಯ ಮುಂದಿನ ಸಹಜ ಕಾವಲನ್ನು ತೆಳುವಾಗಿಸಿತು.

ಗೋಡೆಯ ಮುಂದೆ ಇಂಥ ಕಾವಲು ಎಷ್ಟು ಮುಖ್ಯ ಎಂಬುದನ್ನು 2014ರ ದುರಸ್ತಿಯ ಕ್ರಮವೂ ಹೇಳುತ್ತದೆ. ಎಂಜಿನಿಯರುಗಳು ಮೊದಲು ಸರಕು ಸಾಗಿಸುವ ಉಕ್ಕಿನ ಕಂಟೇನರ್‌ಗಳಿಗೆ ಕಲ್ಲು ತುಂಬಿ ಒಡಕಿನ ಮುಂದೆ ಸಾಲಾಗಿ ನಿಲ್ಲಿಸಿದರು. ಉದ್ದೇಶ ಒಂದೇ, ಅಲೆ ಒಡಕಿಗೆ ಬರುವ ಮುನ್ನವೇ ಮುರಿಯಬೇಕು. ಫೆಬ್ರವರಿ 14ರ ಇನ್ನೊಂದು ಬಿರುಗಾಳಿ ಆ ಸಾಲಿಗೂ ಪೆಟ್ಟು ಕೊಟ್ಟಿತು. ಟಿನ್ಮತ್ ಬಳಿ ದಂಡೆ ಜರುಗಿ ಸಾವಿರಾರು ಟನ್ ಮಣ್ಣನ್ನು ತೆಗೆಯುವ ಕೆಲಸವೂ ಜೊತೆಗೂಡಿತು. ಕೊನೆಗೆ ಏಪ್ರಿಲ್ 4ರಂದು ರೈಲು ಮತ್ತೆ ಓಡಿತು.

ಆಮೇಲೆ ಬಂದದ್ದು ಹೊಸ ಗೋಡೆ. 2020ರಲ್ಲಿ ಮುಗಿದ ಮೊದಲ ಭಾಗ 360 ಮೀಟರ್, 2023ರಲ್ಲಿ ಮುಗಿದ ಎರಡನೆಯದು 415 ಮೀಟರ್. ಎರಡಕ್ಕೂ ಸೇರಿ ಖರ್ಚು ಸುಮಾರು 8 ಕೋಟಿ ಪೌಂಡ್. ಹಳೆಯದಕ್ಕಿಂತ ಇದು 2.5 ಮೀಟರ್ ಎತ್ತರ. ತಲೆಯ ಭಾಗ ಕಡಲಿನತ್ತ ಬಾಗಿದೆ. ಮೇಲಕ್ಕೆ ಚಿಮ್ಮಿದ ನೀರು ಆ ಬಾಗಿಗೆ ತಾಗಿ ಹಳಿಯ ಮೇಲೆ ಬೀಳದೆ ಕಡಲಿಗೇ ಮರಳುತ್ತದೆ. ಎತ್ತರವೂ ಬಾಗೂ ನೀರು ಗೋಡೆಯ ಬೆನ್ನಿಗೆ ಇಳಿಯದಂತೆ ನೋಡಿಕೊಳ್ಳಲೆಂದೇ ಇವೆ.

ನೀರು ದಾಟುವುದನ್ನು ತಡೆದರೆ ಇನ್ನೊಂದು ಲಾಭವೂ ಇದೆ. ಇಲ್ಲಿ ಓಡುವ ವಾಯೇಜರ್ ಮಾದರಿಯ ರೈಲುಗಳ ಚಾವಣಿಯ ಮೇಲೆ, ಬ್ರೇಕ್ ಹಾಕಿದಾಗ ಹುಟ್ಟುವ ವಿದ್ಯುತ್ತನ್ನು ಶಾಖವಾಗಿ ಕಳೆಯುವ ಉಪಕರಣಗಳಿವೆ. ಉಪ್ಪುನೀರು ಬಿದ್ದರೆ ಅವು ಕೆಟ್ಟು ರೈಲು ನಿಂತುಬಿಡುತ್ತದೆ. ಅದಕ್ಕೇ ದೊಡ್ಡ ಅಲೆಗಳಿರುವ ದಿನ ಗೋಡೆ ಗಟ್ಟಿಯಾಗಿದ್ದರೂ ಆ ರೈಲುಗಳನ್ನು ತಡೆಯಬೇಕಾಗುತ್ತಿತ್ತು.

ಇಷ್ಟಾದರೂ ಕಡಲು ನಿಂತಲ್ಲಿ ನಿಲ್ಲುವುದಿಲ್ಲ. ಕಾರ್ನ್‌ವಾಲ್‌ನ ನ್ಯೂಲಿನ್ ಬಂದರಿನಲ್ಲಿ 1915ರಿಂದ ಕಡಲಮಟ್ಟವನ್ನು ಅಳೆಯುತ್ತ ಬಂದಿದ್ದಾರೆ, ಒಂದು ಶತಮಾನದಲ್ಲಿ ಅದು ಸುಮಾರು 20 ಸೆಂಟಿಮೀಟರ್ ಏರಿದೆ. ಒಂದು ಗೇಣು ನೀರು ಯಾವ ಲೆಕ್ಕ ಎನ್ನಬಹುದು. ಗೋಡೆಯ ಬುಡದಲ್ಲಿ ಆ ಗೇಣು ಆಳಕ್ಕೆ ಸೇರುತ್ತದೆ, ಆಳ ಅಲೆಯನ್ನು ಎತ್ತುತ್ತದೆ. ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಈ ಮಾರ್ಗದ ಹಳೆಯ ದಾಖಲೆಗಳನ್ನು ಕಡಲಮಟ್ಟದ ಜೊತೆ ತಾಳೆ ಹಾಕಿ, ಮಟ್ಟ ಏರಿದಂತೆ ಸಂಚಾರಕ್ಕೆ ಅಡ್ಡಿಯಾಗುವ ದಿನಗಳೂ ಏರಲಿವೆ ಎಂದು 2016ರಲ್ಲಿ ತೋರಿಸಿದರು.

ನಮ್ಮ ಕರಾವಳಿಗೆ ಈ ಲೆಕ್ಕ ದೂರದ್ದಲ್ಲ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಕಡಲ್ಕೊರೆತ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಲಾರಿಗಟ್ಟಲೆ ಬಂಡೆಕಲ್ಲು. ಸಡಿಲವಾಗಿ ಪೇರಿಸಿದ ಬಂಡೆಗಳು ಸಂದುಗಳಲ್ಲಿ ಅಲೆಯ ಶಕ್ತಿಯನ್ನು ಹೀರುತ್ತವೆ ಎಂಬುದು ನಿಜ, ನೆಟ್ಟಗಿನ ಗೋಡೆಗಿಂತ ಅವು ಮೇಲು. ಆದರೆ ಬುಡದ ಮರಳು ಜಾರಿದರೆ ಬಂಡೆಗಳೂ ಹೂತುಹೋಗುತ್ತವೆ. ಉಳ್ಳಾಲದಲ್ಲಿ ದಡದಿಂದಾಚೆ ನೀರಿನಡಿ ದಿಬ್ಬಗಳನ್ನು ಕಟ್ಟಿದ್ದರ ಹಿಂದೆ ಇರುವುದು ಈ ಆಳದ ಲೆಕ್ಕವೇ. ಅಲೆ ದಡಕ್ಕೆ ಬರುವ ಮೊದಲೇ ಮುರಿಯಲಿ, ಮರಳು ನಿಲ್ಲಲಿ ಎಂಬುದು ಉದ್ದೇಶ.

ಪಶ್ಚಿಮ ಕರಾವಳಿಯ ಮರಳು ಮಳೆಗಾಲದಲ್ಲಿ ಕಡಲಿಗಿಳಿದು ಬೇಸಿಗೆಯ ಹೊತ್ತಿಗೆ ಬಹುಪಾಲು ಮರಳಿ ಬರುವುದು ಸಹಜ. ಮರಳಿ ಬಾರದೆ ಹೋದದ್ದು ಎಷ್ಟು ಎಂಬುದೇ ನಿಜವಾದ ನಷ್ಟದ ಅಳತೆ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೀರದ ಮಟ್ಟವನ್ನು ಅಳೆದು ವರ್ಷ ವರ್ಷ ಹೋಲಿಸಿ ನೋಡಿದರೆ ಅದು ತಿಳಿಯುತ್ತದೆ. ರಸ್ತೆ ಬಿರುಕು ಬಿಟ್ಟ ಮೇಲೆ ಕಲ್ಲು ಸುರಿಯುವುದಕ್ಕಿಂತ ಇದು ಅಗ್ಗ, ಮತ್ತು ಕಲ್ಲು ಬೇಕೋ ಮರಳು ಬೇಕೋ ರಸ್ತೆಯೇ ಹಿಂದೆ ಸರಿಯಬೇಕೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಸಾಕಷ್ಟು ವರ್ಷಗಳ ಅವಧಿಯನ್ನೂ ಕೊಡುತ್ತದೆ.