ಮರವನ್ನು ಹಿಡಿದು ನಿಲ್ಲಿಸುವ ಅಲ್ಪವ್ಯಯದ ಉಪಾಯಗಳು
ಮರಗೆಲಸವನ್ನು ಹವ್ಯಾಸವಾಗಿ ಕೈಗೊಂಡವರು ಗರಗಸಕ್ಕೂ ಉಳಿಗೂ ಧಾರಾಳವಾಗಿ ವ್ಯಯಮಾಡಿ, ಮರವನ್ನು ಅಲುಗದಂತೆ ಹಿಡಿದು ನಿಲ್ಲಿಸುವ ವಿಷಯದಲ್ಲಿ ಮಾತ್ರ ಉದಾಸೀನರಾಗುವುದನ್ನು ಕಂಡಾಗಲೆಲ್ಲ ನನಗೆ ವ್ಯಥೆಯಾಗುತ್ತದೆ. ಏಕೆಂದರೆ ಮರವು ಅಲುಗಿದರೆ ಎಷ್ಟೇ ಹರಿತವಾದ ಆಯುಧವೂ ನಿಷ್ಪ್ರಯೋಜಕ.

ಮೊದಲಿಗೆ, ಬೆಂಚ್‌ಹುಕ್ ಎಂಬ ಮಣೆಯನ್ನು ಗಮನಿಸಿರಿ. ಗೇಣುದ್ದದ ಪ್ಲೈವುಡ್ ತುಂಡೊಂದರ ಮೇಲ್ಮುಖದ ಹಿಂಬದಿಗೆ ಒಂದು ಪಟ್ಟಿ, ಕೆಳಮುಖದ ಮುಂಬದಿಗೆ ಇನ್ನೊಂದು. ಇದರ ರಚನೆ ಇಷ್ಟೇ. ಕೆಳಗಿನ ಪಟ್ಟಿ ಮೇಜಿನ ಅಂಚನ್ನು ಕಚ್ಚಿಕೊಂಡಿರಲು, ಮುಂದಕ್ಕೆ ತಳ್ಳುವ ಗರಗಸದ ಒತ್ತಡವೇ ಮರವನ್ನು ಮೇಲಿನ ಪಟ್ಟಿಗೆ ಅದುಮಿ ಹಿಡಿಯುತ್ತದೆ. ಕೊಯ್ಯುವ ಬಲವೇ ಹಿಡಿಯುವ ಬಲವೂ ಆಗುವ ಈ ಯುಕ್ತಿ ಎಷ್ಟು ಸರಳವೋ ಅಷ್ಟೇ ಸುಂದರ. ಪಟ್ಟಿಗಳನ್ನು ಮೊಳೆ ಹೊಡೆಯದೆ ಅಂಟಿನಿಂದಲೇ ಕೂಡಿಸಬೇಕು. ಇಲ್ಲವಾದರೆ ಎಂದಾದರೊಂದು ದಿನ ಗರಗಸದ ಹಲ್ಲು ಕಬ್ಬಿಣಕ್ಕೆ ತಗುಲೀತು.

ಇದಕ್ಕಿಂತ ತುಸು ಹೆಚ್ಚು ಬೆಲೆಯುಳ್ಳದ್ದು, 18ನೆಯ ಶತಮಾನದ ಫ್ರೆಂಚ್ ಬಡಗಿ ಆಂದ್ರೆ ರೂಬೋ ತನ್ನ ಗ್ರಂಥದಲ್ಲಿ ಚಿತ್ರಿಸಿರುವ, ಬಾಗಿದ ಕೊಕ್ಕಿನ ಕಬ್ಬಿಣದ ಹೋಲ್ಡ್‌ಫಾಸ್ಟ್. ಅದರ ದಂಡವು ಸಡಿಲವಾಗಿ ಇಳಿಯುವಂತೆ ಮೇಜಿನಲ್ಲಿ, ಸಾಮಾನ್ಯವಾಗಿ 19 ಮಿಲಿಮೀಟರ್ ವ್ಯಾಸದ, ರಂಧ್ರವೊಂದನ್ನು ಕೊರೆದು, ನೆತ್ತಿಗೆ ಕೊಡತಿಯಿಂದ ಒಂದೇಟು ಕೊಟ್ಟರೆ, ದಂಡವು ರಂಧ್ರದೊಳಗೆ ಓರೆಯಾಗಿ ಸಿಲುಕಿ, ಕೊಕ್ಕು ಮರವನ್ನು ದೃಢವಾಗಿ ಹಿಡಿಯುತ್ತದೆ. ಬೆನ್ನಿಗೊಂದು ಏಟು, ಒಡನೆಯೇ ಬಿಡುಗಡೆ. ತಿರುಪುಗಳನ್ನು ತಿರುಗಿಸುವ ಶ್ರಮವೇ ಇಲ್ಲ! ಕೊಕ್ಕಿನಡಿಯಲ್ಲಿ ಹಳೆಯ ಚರ್ಮದ ಚೂರನ್ನಿಟ್ಟರೆ ಮರದ ಮೇಲೆ ಗುರುತು ಬೀಳದು. ಮೇಜಿನ ಹಲಗೆ ತೀರ ತೆಳುವಾಗಿದ್ದರೆ ಹಿಡಿತ ಸಾಲದು. ಅಂತಹ ಕಡೆ ರಂಧ್ರ ಕೊರೆಯುವ ಮುನ್ನವೇ ಅಡಿಯಲ್ಲಿ ಗಟ್ಟಿಮರದ ತುಂಡೊಂದನ್ನು ಅಂಟಿಸಿ ದಪ್ಪಮಾಡಿಕೊಳ್ಳಿರಿ.