ಗುಡ್ಡದ ಕಬ್ಬಿಣ, ನೆತ್ತರಿನ ಕಬ್ಬಿಣ

ಕಲೆ ಮತ್ತು ವಾಣಿಜ್ಯ ವಿಷಯಗಳನ್ನು ಓದುವ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯೆಂದರೆ ಪರರ ಮನೆ. ಆದರೆ ಅವರ ದೇಹವೇ ಒಂದು ಪ್ರಯೋಗಶಾಲೆಯಲ್ಲವೆ? ದುಬಾರಿ ಉಪಕರಣಗಳಿಲ್ಲದೆ ಅವರು ಮಾಡಬಹುದಾದ ಎರಡು ಪ್ರಯೋಗಗಳನ್ನು ಇಲ್ಲಿ ವಿವರಿಸುತ್ತೇವೆ. ಇವಕ್ಕೆ ಬೇಕಾದ ದೃಷ್ಟಾಂತಗಳನ್ನು ಹೊಸಪೇಟೆಯ ಸುತ್ತಲಿನ ನೆಲವೇ ಒದಗಿಸುತ್ತದೆ.

ಮೊದಲನೆಯದಕ್ಕೆ ಒಂದು ಗಡಿಯಾರ ಸಾಕು. ಹಂಪಿಯ ಮತಂಗ ಪರ್ವತದ ಬುಡದಲ್ಲಿ ಐದು ನಿಮಿಷ ಕುಳಿತು, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ಸಾಮಾನ್ಯವಾಗಿ 60ರಿಂದ 100ರವರೆಗೆ ಇರುತ್ತದೆ. ಮೆಟ್ಟಿಲೇರಿದೊಡನೆ ಮತ್ತೆ ಎಣಿಸಿ, ನಾಡಿ ಮೊದಲಿನ ಸಂಖ್ಯೆಗೆ ಇಳಿಯಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಬೇಕು. ದುಡಿಯುವ ಸ್ನಾಯುಗಳು ಹೆಚ್ಚು ಆಮ್ಲಜನಕವನ್ನು ಬೇಡುವುದರಿಂದ ಹೃದಯದ ಮಿಡಿತ ಏರುತ್ತದೆ. ಆ ಆಮ್ಲಜನಕವನ್ನು ಹೊರುವುದು ಕೆಂಪು ರಕ್ತಕಣಗಳಲ್ಲಿರುವ ಹೀಮೊಗ್ಲೋಬಿನ್. ಅದು ಕಡಮೆಯಾದಷ್ಟೂ ಅದೇ ಕೆಲಸಕ್ಕೆ ಹೃದಯ ಹೆಚ್ಚು ಬಾರಿ ಮಿಡಿಯಬೇಕಾಗುತ್ತದೆ.

ಹೀಮೊಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು. ಸಂಡೂರಿನ ಗುಡ್ಡಗಳಲ್ಲಿರುವ ಕಬ್ಬಿಣದ ಅದಿರು ಹೆಮಟೈಟ್. ಎರಡು ಹೆಸರುಗಳೂ ರಕ್ತವೆಂಬ ಅರ್ಥದ ಒಂದೇ ಗ್ರೀಕ್ ಪದದಿಂದ ಹುಟ್ಟಿವೆ. ವಯಸ್ಕರ ದೇಹದಲ್ಲಿರುವ ಕಬ್ಬಿಣ ಕೇವಲ 3–4 ಗ್ರಾಂ. ಅದರಲ್ಲಿ ಸುಮಾರು ಮೂರನೆಯ ಎರಡು ಪಾಲು ಹೀಮೊಗ್ಲೋಬಿನ್ನಿನಲ್ಲಿಯೇ ಇದೆ.

ಎರಡನೆಯ ಪ್ರಯೋಗ ಆರ್ಕಿಮಿಡೀಸನ ತತ್ತ್ವವನ್ನು ಆಧರಿಸಿದೆ. ರಕ್ತದಾನಿಗಳ ಪರೀಕ್ಷೆಗೆ ಬಳಕೆಯಾಗುತ್ತ ಬಂದಿರುವ ವಿಧಾನವಿದು. ನೀರಿಗಿಂತ 1.053 ಪಟ್ಟು ಸಾಂದ್ರವಾದ ಮೈಲುತುತ್ತದ ದ್ರಾವಣವನ್ನು ಸಿದ್ಧಪಡಿಸಬೇಕು. ಒಪ್ಪಿದ ವಿದ್ಯಾರ್ಥಿಯ ಬೆರಳ ತುದಿಯಿಂದ ಆರೋಗ್ಯ ಸಿಬ್ಬಂದಿ ಹೊಸ ಸೂಜಿಯನ್ನು ಬಳಸಿ ತೆಗೆದ ಒಂದು ತೊಟ್ಟು ರಕ್ತವನ್ನು ಒಂದು ಸೆಂಟಿಮೀಟರ್ ಎತ್ತರದಿಂದ ಅದರೊಳಕ್ಕೆ ಬಿಡಬೇಕು. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಎಂದಿಗೂ ಬಳಸಕೂಡದು. ತೊಟ್ಟಿನ ಸುತ್ತ ತಾಮ್ರ ಮತ್ತು ಪ್ರೋಟೀನಿನ ತೆಳುಪೊರೆ ಕಟ್ಟುವುದರಿಂದ ಸುಮಾರು 15 ಸೆಕೆಂಡು ಅದರ ಸಾಂದ್ರತೆ ಬದಲಾಗದು. ಅಷ್ಟರೊಳಗೆ ಅದು ಮುಳುಗಿದರೆ, 100 ಮಿಲಿಲೀಟರ್ ರಕ್ತದಲ್ಲಿ ಹೀಮೊಗ್ಲೋಬಿನ್ 12.5 ಗ್ರಾಂ ಅಥವಾ ಹೆಚ್ಚು ಇದೆಯೆಂದು ಎಣಿಸಬಹುದು. ಮುಳುಗಿಸುವ ಭಾರ ಮುಖ್ಯವಾಗಿ ಪ್ರೋಟೀನಿನದು; ಸಾವಿರ ಭಾಗ ಹೀಮೊಗ್ಲೋಬಿನ್ನಿನಲ್ಲಿ ಕಬ್ಬಿಣ ಮೂರು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ.

ತೊಟ್ಟು ತೇಲಿದರೆ ಅದನ್ನು ರೋಗದ ತೀರ್ಪೆಂದು ಭಾವಿಸಬಾರದು. ಗರ್ಭಿಣಿಯರಲ್ಲದ ಸ್ತ್ರೀಯರಲ್ಲಿ 12 ಗ್ರಾಮಿಗಿಂತ ಕಡಮೆಯಾದಾಗ ಮಾತ್ರ ರಕ್ತಹೀನತೆಯೆನ್ನುತ್ತಾರೆ. ತೇಲಿದವರನ್ನು ವೈದ್ಯರ ಬಳಿಗೆ ಕಳುಹಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ತರಗತಿಯಲ್ಲಿ ಆಯಾಸದಿಂದ ತೂಕಡಿಸುವ ಹುಡುಗಿಯನ್ನು ಸೋಮಾರಿಯೆಂದು ಗದರಿಸುವ ಮುನ್ನ ಈ ಅಂಕಿಯನ್ನು ನೆನೆಯುವುದು ಒಳಿತು.

ಕಬ್ಬಿಣದ ಗುಡ್ಡಗಳ ನೆರೆಯಲ್ಲಿ ಬಾಳಿದ ಮಾತ್ರಕ್ಕೆ ಕಬ್ಬಿಣ ನೆತ್ತರನ್ನು ಸೇರದು. ಅದು ಊಟದ ತಟ್ಟೆಯ ಮೂಲಕವೇ ಬರಬೇಕು. ಕಂಪ್ಲಿಯ ಗದ್ದೆಗಳ ಭತ್ತವನ್ನು ಬೆಳ್ಳಗಾಗುವಂತೆ ಪಾಲಿಷ್ ಮಾಡಿದಾಗ ತೌಡಿನೊಡನೆ ಕಬ್ಬಿಣವೂ ಹೋಗುತ್ತದೆ. ಸಜ್ಜೆ, ಹುರುಳಿ, ಸೊಪ್ಪುಗಳಲ್ಲಿ ಅದು ದೊರೆಯುತ್ತದೆ. ಜೊತೆಗೆ ನಿಂಬೆ ಇಲ್ಲವೆ ನೆಲ್ಲಿಕಾಯಿ ಇದ್ದರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ; ಊಟದೊಡನೆ ಕುಡಿದ ಚಹ ಅದಕ್ಕೆ ಅಡ್ಡಿ. ಇಷ್ಟನ್ನು ತನ್ನದೇ ನಾಡಿ ಮತ್ತು ನೆತ್ತರಿನಿಂದ ಅರಿತ ಇತಿಹಾಸದ ವಿದ್ಯಾರ್ಥಿಗೂ ಪ್ರಯೋಗಶಾಲೆ ಮುಂದೆ ಪರರ ಮನೆಯಾಗಿ ಉಳಿಯದು.